ಗೋಧಿವರ್ಜಿತ ಪಥ್ಯದ ಉಗಮ: ಒಂದು ವಿವೇಚನೆ

ಗೋಧಿಯನ್ನು ವರ್ಜಿಸಿದರೆ ಸೀಲಿಯಾಕ್ ರೋಗಿಯ ಕರುಳು ಚೇತರಿಸಿಕೊಳ್ಳುವುದೆಂಬ ತತ್ತ್ವವು 1944–45ರ ಡಚ್ ಕ್ಷಾಮದಲ್ಲಿ ಆಕಸ್ಮಿಕವಾಗಿ ಗೋಚರಿಸಿತೆಂಬುದು ಪ್ರಚಲಿತವಾದ ಹೇಳಿಕೆ. ಇದನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

ಈ ವ್ಯಾಧಿಗೆ ಪಥ್ಯವೇ ಮದ್ದೆಂದು ಲಂಡನ್ನಿನ ಸ್ಯಾಮ್ಯುಯೆಲ್ ಗೀ ಅವರು 1888ರಲ್ಲಿಯೇ ಸೂಚಿಸಿದ್ದರು. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಅವರು ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಮಕ್ಕಳು ಚೇತರಿಸಿಕೊಂಡರು; ಆದರೆ ಆ ಗುಣವು ಹಣ್ಣಿನದಲ್ಲ, ರೊಟ್ಟಿಯನ್ನು ಬಿಟ್ಟುದರ ಫಲವೆಂಬುದು ಆಗ ತಿಳಿಯಲಿಲ್ಲ. ಆದ್ದರಿಂದಲೇ ಗುಣ ಹೊಂದಿದವರಿಗೆ ಮತ್ತೆ ಗೋಧಿಯನ್ನು ಉಣಿಸುವ ಅನರ್ಥಕ್ಕೆ ಎಡೆಯಾಯಿತು.

ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರಾದರೋ ಗೋಧಿವರ್ಜಿತ ಪಥ್ಯವನ್ನು ಕುರಿತು 1941ರಲ್ಲಿ, ಎಂದರೆ ಕ್ಷಾಮಕ್ಕೆ ಮುನ್ನವೇ, ಬರೆದಿದ್ದರು. ಕ್ಷಾಮಕಾಲದ ಅನುಭವವು ಅವರ ಅಭಿಪ್ರಾಯಕ್ಕೆ ಪುಷ್ಟಿಯನ್ನಷ್ಟೆ ನೀಡಿತು. ನಿರ್ಣಾಯಕ ಪ್ರಮಾಣವು ದೊರೆತುದು 1950ರ ಅವರ ಪ್ರೌಢಪ್ರಬಂಧದಿಂದ, ಹಾಗೂ ಮಲದಲ್ಲಿ ನಷ್ಟವಾಗುವ ಕೊಬ್ಬನ್ನು ಅಳೆದ ವಾನ್ ಡೆ ಕಾಮರ್ ಮತ್ತು ವೈಯರ್ಸ್ ಅವರೊಡಗೂಡಿ ನಡೆಸಿದ ಪ್ರಯೋಗಗಳಿಂದ. ಹಾನಿಕರವಾದುದು ಗೋಧಿಯ ಪಿಷ್ಟವಲ್ಲ, ಅದರ ಗ್ಲೂಟೆನ್ ಎಂಬುದು ಇವುಗಳಿಂದ ಸಿದ್ಧಪಟ್ಟಿತು. ಪಥ್ಯವು ಆಜೀವವಾದುದೆಂಬ ಇಂದಿನ ನಿಯಮಕ್ಕೆ ಇದೇ ಆಧಾರ.

ಕ್ಷಾಮವು ಸಂದರ್ಭವನ್ನು ಒದಗಿಸಿತು. ಜ್ಞಾನವನ್ನು ಒದಗಿಸಿದುದು ದೀರ್ಘಕಾಲದ ಅವಲೋಕನ ಮತ್ತು ಅಳತೆ.