ಮುಸುಕಿನ ಜೋಳದ ಎಳೆ: ಒಂದು ಮದ್ದಿನ ವಂಶಾವಳಿ

ಮುಸುಕಿನ ಜೋಳದ ತೆನೆಯನ್ನು ಸುಲಿಯುವಾಗ ನೀವು ಕಿತ್ತೆಸೆಯುವುದು ಎರಡು ವಸ್ತುಗಳನ್ನು: ಹೊರಗಿನ ಮುಸುಕು ಒಂದು, ತುದಿಯಿಂದ ಇಳಿಬಿದ್ದ ರೇಷ್ಮೆಯಂಥ ಎಳೆಗಳು ಇನ್ನೊಂದು. ಮುಸುಕನ್ನು ದನವಾದರೂ ತಿನ್ನುತ್ತದೆ, ಎಳೆಯನ್ನು ಕೇಳುವವರಿಲ್ಲ. ಆದರೆ ಅದೇ ಎಳೆಯನ್ನು ಜೋಪಾನವಾಗಿ ನೆರಳಿನಲ್ಲಿ ಒಣಗಿಸಿ, ಕಷಾಯ ಕಾಸಿ, ಮೂತ್ರದ ಉರಿಗೂ ಕಲ್ಲಿನ ಬೇನೆಗೂ ಕೊಡುತ್ತ ಬಂದ ಜನ ಹಲವು ದೇಶಗಳಲ್ಲಿ ಉಂಟು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮದು. ಈ ಮದ್ದು ನಮ್ಮ ಹಿತ್ತಲಿಗೆ ಎಲ್ಲಿಂದ ಬಂದಿತು, ಅದರ ಯೋಗ್ಯತೆ ಎಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಎಳೆಯ ಸ್ವರೂಪವನ್ನು ತಿಳಿಯಬೇಕು. ಪ್ರತಿಯೊಂದು ಎಳೆಯೂ ಒಂದು ಹೆಣ್ಣು ಹೂವಿನ ಶಲಾಕೆ. ಗಿಡದ ನೆತ್ತಿಯಲ್ಲಿರುವ ಗಂಡು ಹೂಗೊಂಚಲಿನಿಂದ ಉದುರಿದ ಪರಾಗವು ಎಳೆಯ ಮೇಲೆ ಬಿದ್ದು, ಅದರ ಮೂಲಕ ಬುಡದ ಅಂಡಾಶಯವನ್ನು ಮುಟ್ಟಿದರೆ ಅಲ್ಲೊಂದು ಕಾಳು ಕಟ್ಟುತ್ತದೆ. ಒಂದು ಎಳೆಗೆ ಒಂದು ಕಾಳು, ಇದು ಲೆಕ್ಕ. ತೆನೆಯಲ್ಲಿ ಅಲ್ಲಲ್ಲಿ ಕಾಳಿಲ್ಲದೆ ಬೋಳಾಗಿದ್ದರೆ, ಬಹುಮಟ್ಟಿಗೆ ಆ ಜಾಗದ ಎಳೆಗೆ ಪರಾಗ ದೊರೆಯಲಿಲ್ಲವೆಂದು ತಿಳಿಯಬಹುದು.

ಈ ಧಾನ್ಯದ ತವರು ಮೆಕ್ಸಿಕೋ ದೇಶದ ದಕ್ಷಿಣ ಭಾಗ. ಅಲ್ಲಿನ ಬಾಲ್ಸಾಸ್ ನದಿಯ ಕಣಿವೆಯಲ್ಲಿ, ಸುಮಾರು 9000 ವರ್ಷಗಳ ಹಿಂದೆ, ತಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಜನ ಇದನ್ನು ಬೆಳೆಯಾಗಿಸಿಕೊಂಡರು. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ಕಡಲನ್ನು ದಾಟುವವರೆಗೆ ಯೂರೋಪಿಗಾಗಲಿ ಏಷ್ಯಕ್ಕಾಗಲಿ ಇದರ ಪರಿಚಯವಿರಲಿಲ್ಲ. ಆಮೇಲೆ ಸ್ಪೇನ್ ಮತ್ತು ಪೋರ್ಚುಗಲ್ಲಿನ ಹಡಗುಗಳು ಇದನ್ನು ದಿಕ್ಕುದಿಕ್ಕಿಗೆ ಒಯ್ದವು. ಬಂದ ದಾರಿ ಮರೆತುಹೋದುದರಿಂದ ಹೆಸರುಗಳಲ್ಲಿ ವಿನೋದವಾದ ಗೊಂದಲ ಉಂಟಾಯಿತು. ಇಟಲಿಯವರು ಇದನ್ನು ತುರ್ಕಿಯ ಧಾನ್ಯವೆಂದರು; ತುರ್ಕಿಯವರು ಈಜಿಪ್ಟಿನ ಹೆಸರಿನಿಂದಲೇ ಕರೆದರು. ಊರು ತಿಳಿಯದ ಅತಿಥಿಗೆ ಪಕ್ಕದ ಊರಿನ ಹೆಸರಿಟ್ಟಂತಾಯಿತು. ನಮ್ಮ ಕನ್ನಡಿಗರಾದರೋ ಮುಸುಕಿನ ಜೋಳವೆಂದು ಅದರ ವೇಷವನ್ನು ನೋಡಿ ಹೆಸರಿಟ್ಟರು. ಉತ್ತರ ಕರ್ನಾಟಕದಲ್ಲಿ ಇದು ಗೋವಿನ ಜೋಳವಾಯಿತು.

ಇನ್ನು ಮದ್ದಿನ ವಿಚಾರ. ಚೀನ ದೇಶದ ವೈದ್ಯ ಲಿ ಷಿಝೆನ್ ಬರೆದು 1596ರಲ್ಲಿ ಅಚ್ಚಾದ ಔಷಧಕೋಶದಲ್ಲಿ ಈ ಧಾನ್ಯದ ಉಲ್ಲೇಖವಿದೆ. ಮೂತ್ರ ಕಟ್ಟಿ, ಮರಳುಕಲ್ಲಿನಿಂದ ಬೇನೆ ತಾಳಲಾರದಾದಾಗ ಇದರ ಬೇರು ಮತ್ತು ಎಲೆಗಳ ಕಷಾಯವನ್ನು ಕುಡಿಯಬೇಕೆಂದು ಅಲ್ಲಿ ಹೇಳಿದೆ. ಎಳೆಯೂ ಮುಂದೆ ಅಲ್ಲಿನ ವೈದ್ಯದಲ್ಲಿ ಸ್ಥಾನ ಪಡೆಯಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 19ನೆಯ ಶತಮಾನದ ಕೊನೆಗೆ ಈ ಎಳೆ ಅಧಿಕೃತ ಔಷಧಕೋಶವನ್ನೇ ಏರಿತು. ಮೂತ್ರಕೋಶದ ಉರಿಯೂತಕ್ಕೆ ಇದರ ಸಾರವನ್ನು ಸೀಸೆಗಳಲ್ಲಿ ಮಾರುತ್ತಿದ್ದರು. ಹೊಸ ಔಷಧಗಳು ಬಂದಂತೆ 20ನೆಯ ಶತಮಾನದಲ್ಲಿ ಅಲ್ಲಿ ಇದರ ಅಧಿಕಾರ ಕಳೆಯಿತು. ರಷ್ಯದ ಔಷಧದಂಗಡಿಗಳಲ್ಲಿ ಮಾತ್ರ ಪಿತ್ತ ಸ್ರವಿಸುವುದಕ್ಕೆ ಸಹಾಯಕವೆಂದು ಒಣಗಿದ ಎಳೆಯನ್ನು ಈಗಲೂ ಮಾರುತ್ತಾರೆ.

ಈಚೆಗೆ ಈ ಎಳೆಗೆ ನಮ್ಮಲ್ಲಿ ಋಷಿಮೂಲವನ್ನು ಕಟ್ಟುವವರೂ ಹುಟ್ಟಿಕೊಂಡಿದ್ದಾರೆ. ಚರಕ, ಸುಶ್ರುತರ ಸಂಹಿತೆಗಳಲ್ಲಿ ಇದು ಇರಲಾರದು. ಗಿಡವೇ ಇಲ್ಲದ ಕಾಲದಲ್ಲಿ ಎಳೆಯ ಗುಣವನ್ನು ಬರೆಯುವುದು ಹೇಗೆ? ಇದಕ್ಕೆ ಎದುರಾಗಿ ಸೋಮನಾಥಪುರದ ಸಾಕ್ಷ್ಯವನ್ನು ತರುವುದುಂಟು. ಅಲ್ಲಿನ 13ನೆಯ ಶತಮಾನದ ಕೇಶವ ದೇವಾಲಯದ ವಿಗ್ರಹಗಳ ಕೈಯಲ್ಲಿ ತೆನೆಯಂತೆ ಕಾಣುವ ವಸ್ತುವೊಂದಿದೆ. ಅದು ಮುಸುಕಿನ ಜೋಳವೇ ಎಂದು ಅಮೆರಿಕದ ಜೋಹಾನೆಸನ್ ಮತ್ತು ಪಾರ್ಕರ್ 1989ರಲ್ಲಿ ವಾದಿಸಿದರು. ಭಾರತೀಯ ಸಸ್ಯವಿಜ್ಞಾನಿಗಳಾದ ಪಾಯಕ್ ಮತ್ತು ಸಚನ್ ಅದನ್ನು ಒಪ್ಪದೆ, ಅದು ಮುತ್ತುಗಳನ್ನು ಕೂಡಿಸಿ ಮಾಡಿದ ಕಾಲ್ಪನಿಕ ಮುಕ್ತಾಫಲವೆಂದು ವಿವರಿಸಿದರು. ಹೊಯ್ಸಳರ ಶಿಲ್ಪಿ ಕಲ್ಲಿನಲ್ಲಿ ಮುತ್ತು ಪೋಣಿಸಬಲ್ಲವನು ಎಂಬುದನ್ನು ಬಲ್ಲ ನಮಗೆ ಎರಡನೆಯ ವಿವರಣೆಯೇ ಸಹಜವೆಂದು ತೋರುತ್ತದೆ. ಆ ಕಾಲದ ಒಂದು ಕಾಳಾಗಲಿ ದಿಂಡಾಗಲಿ ಇಲ್ಲಿ ನಿಸ್ಸಂಶಯವಾಗಿ ದೊರೆತಿಲ್ಲ ಎಂಬುದನ್ನೂ ನೆನೆಯಬೇಕು.

ಹಾಗೆಂದು ನಮ್ಮ ವೈದ್ಯಶಾಸ್ತ್ರಕ್ಕೆ ಕೊರತೆಯೇನೂ ಇಲ್ಲ. ಮೂತ್ರಕೃಚ್ಛ್ರಕ್ಕೆ ಆಯುರ್ವೇದ ಹೇಳುವ ತೃಣಪಂಚಮೂಲವನ್ನು ನೋಡಿ. ದರ್ಭೆ, ಕಾಶ, ಕಬ್ಬು ಮೊದಲಾದ ಹುಲ್ಲಿನ ಜಾತಿಯ ಬೇರುಗಳು ಅವು. ಮುಸುಕಿನ ಜೋಳವೂ ಹುಲ್ಲಿನ ಕುಲದ್ದೇ. ಹೀಗೆ ಬೇರೆ ಬೇರೆ ದೇಶದ ಜನ ಒಂದೇ ಬೇನೆಗೆ ಹುಲ್ಲನ್ನೇ ಹುಡುಕಿಕೊಂಡು ಹೋದುದು ಸ್ವಾರಸ್ಯವಾದ ಸಂಗತಿ. ನಮ್ಮ ಪುರಾತನರ ಹಿರಿಮೆಗೆ ಇಷ್ಟು ಸಾಲದೆ? ಇರುವುದನ್ನು ಬಿಟ್ಟು ಇಲ್ಲದ್ದನ್ನು ಅವರ ಬಾಯಲ್ಲಿ ಆಡಿಸುವುದು ಗೌರವವಲ್ಲ.

ಯೋಗ್ಯತೆಯ ಮಾತು ಉಳಿಯಿತು. ಎಳೆಯಲ್ಲಿ ಪೊಟ್ಯಾಸಿಯಂ ಲವಣವೂ ಫ್ಲೇವನಾಯಿಡ್ ಎಂಬ ದ್ರವ್ಯಗಳೂ ಇವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕೆಲವು ಗುಣಗಳು ಕಂಡಿವೆ. ಆದರೆ ವಿಯೆಟ್ನಾಮಿನ ನಾಲ್ಕು ಮನೆಮದ್ದುಗಳನ್ನು 40 ಮಂದಿ ಆರೋಗ್ಯವಂತರ ಮೇಲೆ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮುಸುಕಿನ ಜೋಳವೂ ಸೇರಿ ಯಾವುದೂ ಮೂತ್ರದ ಪ್ರಮಾಣವನ್ನು ಹೆಚ್ಚಿಸಲಿಲ್ಲ. ಕಲ್ಲನ್ನು ಇದು ಕರಗಿಸುತ್ತದೆಂಬುದಕ್ಕೂ ದೃಢವಾದ ಪ್ರಮಾಣವಿಲ್ಲ. ಮೂತ್ರದ ಉರಿಯಲ್ಲಿ ಕಷಾಯ ಕುಡಿದವನಿಗೆ ಹಿತವಾದರೆ, ಅದರಲ್ಲಿ ನೀರಿನ ಪಾಲೂ ಸ್ವಲ್ಪವಲ್ಲ.

ಆದ್ದರಿಂದ ಕುಡಿಯಬಾರದೆಂದಲ್ಲ, ಅಳತೆಯರಿತು ಕುಡಿಯಬೇಕು. ಕೀಟನಾಶಕ ಸಿಂಪಡಿಸಿದ ಹೊಲದ ಎಳೆ ಬೇಡ. ಗರ್ಭಿಣಿಯರೂ, ಮೂತ್ರಪಿಂಡದ ರೋಗವಿರುವವರೂ, ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ ಅಥವಾ ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ, ಒಲೆಯ ಮೇಲಿನ ಕಷಾಯ ಕುದಿಯುವವರೆಗೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ತಡಮಾಡಿದ ಒಂದೊಂದು ದಿನವೂ ಮೂತ್ರಪಿಂಡಕ್ಕೆ ಕೇಡು.