ಮುಧೋಳದ ನಾಯಿ: ಬೇಟೆಯ ಬಯಲಿನಿಂದ ರನ್‌ವೇಗೆ

ಕ್ರಿ.ಶ. 949ರಲ್ಲಿ ತಕ್ಕೋಲದ ಕಾಳಗ ನಡೆಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ ಇಬ್ಬರೂ ಸೇರಿ ಚೋಳ ರಾಜಾದಿತ್ಯನನ್ನು ಮಣಿಸಿದರು. ಆ ಕಾಳಗದಲ್ಲಿ ಹೆಸರು ಮಾಡಿದ ಯೋಧ ಮಣಲೆರನಿಗೆ ಬೇಕಾದ್ದನ್ನು ಬೇಡಿಕೊಳ್ಳುವ ಅವಕಾಶ ಸಿಕ್ಕಿತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಬಡಿದಾಡಿ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿ ಯಾವ ತಳಿ ಎಂಬುದನ್ನು ಆ ಕಲ್ಲಿನ ಶಾಸನ ಹೇಳುವುದಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾಯಿಯ ಹೆಚ್ಚುಗಾರಿಕೆ ಬೇಟೆಯಲ್ಲೇ ಗೊತ್ತಾಗುತ್ತಿತ್ತು. ತಂದೆ ತಾಯಿ, ಅಜ್ಜ ಅಜ್ಜಿಯರ ಹೆಸರು ಬರೆದಿಟ್ಟ ಕಾಗದ ನೋಡಿ ನಾಯಿಯ ಕುಲ ನಿರ್ಧರಿಸುವ ರೂಢಿ ಬೆಳೆದದ್ದು 19ನೇ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿ 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಶ್ವಾನ ಪ್ರದರ್ಶನ ನಡೆಯಿತು, 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಬೇಟೆಯ ಪರೀಕ್ಷೆಯಲ್ಲಿ ಗೆದ್ದು, ಆಮೇಲೆ ಕಾಗದದ ಪರೀಕ್ಷೆಗೂ ಕೂತ ಕನ್ನಡ ನಾಡಿನ ನಾಯಿ ಮುಧೋಳದ್ದು.

ಬಾಗಲಕೋಟೆ ಜಿಲ್ಲೆಯ ಮುಧೋಳ ಮೊದಲು ಹೆಸರಾದದ್ದು ಕವಿಯಿಂದ. ತಕ್ಕೋಲದ ಕಾಳಗ ನಡೆದ ಅದೇ 949ರಲ್ಲಿ ಇಲ್ಲಿನ ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದನೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಘಟಪ್ರಭೆಯ ದಂಡೆಯ ಈ ಸೀಮೆಯಲ್ಲಿ ಇಂದು ಕಬ್ಬಿನ ಹಸಿರು ಕಣ್ಣಿಗೆ ಹೊಡೆಯುತ್ತದೆ. ನೀರಾವರಿ ಬರುವ ಮೊದಲು ಮಾತ್ರ ಇದು ಜೋಳ ಬೆಳೆಯುವ ಬಯಲು, ನಡುನಡುವೆ ಕುರುಚಲು. ಅಂಥ ಕಡೆ ವಾಸನೆ ಹಿಡಿದು ನಿಧಾನವಾಗಿ ಹೋಗುವ ನಾಯಿಗಿಂತ, ದೂರದ ಮೊಲವನ್ನು ಕಣ್ಣಿನಲ್ಲೇ ಗುರುತಿಸಿ ಬಾಣದಂತೆ ಬೆನ್ನಟ್ಟುವ ನಾಯಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮುಧೋಳ ನಾಯಿಯ ಮೈಕಟ್ಟೇ ಅದಕ್ಕೆ ತಕ್ಕಂತಿದೆ. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಗೆ ಸೆಳೆದುಕೊಂಡ ಹೊಟ್ಟೆ, ಬಿಲ್ಲಿನಂತೆ ಕೊಂಚ ಬಾಗಿದ ಸೊಂಟ, ಕಡ್ಡಿಯಂಥ ಕಾಲು. ಗಂಡಿನ ಎತ್ತರ 68ರಿಂದ 72 ಸೆಂಟಿಮೀಟರ್, ಹೆಣ್ಣು ಅದಕ್ಕಿಂತ ಕೊಂಚ ಕಡಿಮೆ. ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ದಾಪಿಗೂ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ: ಮೈ ಚಾಚಿದಾಗೊಮ್ಮೆ, ಮುದುಡಿದಾಗೊಮ್ಮೆ. ಪರ್ಷಿಯಾ ಕಡೆಯ ಸಲೂಕಿ, ಅಫ್ಘಾನಿಸ್ತಾನದ ತಾಜಿ, ಯುರೋಪಿನ ಗ್ರೇಹೌಂಡ್ ಓಡುವುದೂ ಹೀಗೆಯೇ. ವ್ಯಾಪಾರಿಗಳು, ಸೈನಿಕರ ಜೊತೆ ಪಶ್ಚಿಮ ಏಷ್ಯಾದಿಂದ ಬಂದ ನಾಯಿಗಳು ಇಲ್ಲಿನ ನಾಯಿಗಳೊಡನೆ ಬೆರೆತು ಈ ತಳಿ ಆಯಿತೆಂಬುದು ಬಹಳ ಜನರ ನಂಬಿಕೆ. ಹಾಗಾದರೆ ಇವತ್ತು ನಾವು ಶುದ್ಧ ಎನ್ನುವ ತಳಿ ಬೆರಕೆಯಿಂದಲೇ ಶುರುವಾಯಿತೆಂದಾಯಿತು. ಆ ಬೆರಕೆಯಲ್ಲಿ ಓಡಲಾರದ್ದನ್ನು ಬಿಟ್ಟು, ಓಡಬಲ್ಲದ್ದನ್ನು ತಲೆಮಾರುಗಟ್ಟಲೆ ಉಳಿಸಿಕೊಂಡವರು ಈ ಭಾಗದ ಬೇಟೆಗಾರರು, ಅದರಲ್ಲೂ ಬೇಡರು.

ಇಷ್ಟಾದರೂ ಈ ನಾಯಿಗೆ ಹೊರಗಿನ ಲೋಕದ ಪರಿಚಯ ಮಾಡಿಸಿದ ಕೀರ್ತಿ ಅರಮನೆಗೆ ಸಲ್ಲುತ್ತದೆ. ಮುಧೋಳವನ್ನು ಆಳಿದ ಘೋರ್ಪಡೆ ಮನೆತನದ ಮಾಲೋಜಿರಾವ್ 20ನೇ ಶತಮಾನದ ಆರಂಭದಲ್ಲಿ, ಬೇಡರ ಬಳಿ ಇದ್ದ ಒಳ್ಳೆಯ ನಾಯಿಗಳನ್ನು ಆರಿಸಿ ತಳಿ ಬೆಳೆಸಲು ತೊಡಗಿದರು. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಉಡುಗೊರೆ ಕೊಟ್ಟರೆಂದೂ, ಮುಧೋಳ ಹೌಂಡ್ ಎಂಬ ಹೆಸರು ಅಲ್ಲಿಂದಲೇ ನಿಂತಿತೆಂದೂ ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಅರಮನೆಯ ಆಸರೆ ಬಹುಕಾಲ ಉಳಿಯಲಿಲ್ಲ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಗೇ ತಡೆ ಬಿತ್ತು. ಜಿಂಕೆ, ಮೊಲಗಳ ಮಟ್ಟಿಗೆ ನ್ಯಾಯವೇ. ನಾಯಿಗೆ ಮಾತ್ರ ಕುಲಕಸುಬು ಹೋಯಿತು. ಆಮೇಲೆ ಅದನ್ನು ಉಳಿಸಿಕೊಂಡದ್ದು ಮುಧೋಳದ ಸುತ್ತಲಿನ ಹಳ್ಳಿಗಳ ರೈತರು. ಹೊಲ ಕಾಯಲು ಒಂದು, ಮರಿ ಮಾರಿ ನಾಲ್ಕು ಕಾಸು ನೋಡಲು ಒಂದು ಎಂದು ಸಾಕಿದರು. ರೊಟ್ಟಿ, ಅಂಬಲಿ, ಹಾಲು ಇದ್ದರೆ ಸಾಕು, ಈ ನಾಯಿ ತಗಾದೆ ಮಾಡುವುದಿಲ್ಲ. ಆದರೆ ಇದ್ದ ಕೆಲವೇ ನಾಯಿಗಳಲ್ಲಿ ಮತ್ತೆ ಮತ್ತೆ ಹತ್ತಿರದ ರಕ್ತಸಂಬಂಧವೇ ಕೂಡಿದರೆ ಮರಿಗಳು ಬಲಗುಂದುತ್ತವೆ. ಹೊರಗಿನದನ್ನು ಕೂಡಿಸಿದರೆ ತಳಿಯೇ ಕೈತಪ್ಪುತ್ತದೆ. ಸಣ್ಣ ಸಂಖ್ಯೆಯ ಎಲ್ಲ ತಳಿಗಳಿಗೂ ಇರುವ ಇಕ್ಕಟ್ಟು ಇದು.

ಇದನ್ನು ಬಿಡಿಸಲು ವಿಜ್ಞಾನ ಬೇಕಿತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಶುರುವಾಯಿತು. ಅದಕ್ಕೂ ಮೊದಲೇ, 2005ರಲ್ಲಿ, ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಾಗ ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂ ನಾಯಿಗಳ ಜೊತೆ ಮುಧೋಳವೂ ಇತ್ತು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ದೇಶದ ನಾಯಿ ತಳಿಗಳನ್ನು ನೋಂದಾಯಿಸಲು ತೊಡಗಿದಾಗ ರಾಜಪಾಳಯಂ, ಚಿಪ್ಪಿಪಾರೈಗಳೊಂದಿಗೆ ಮೊದಲ ಸಾಲಿನಲ್ಲೇ ಸೇರಿತು. ಆದರೂ ಕಾಗದದ ಲೋಕದ ತಮಾಷೆ ಮುಗಿದಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕಾರವಾನ್ ಹೌಂಡ್ ಎಂದು ಬರೆದುಕೊಳ್ಳುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ.

ಕಸುಬು ಕಳೆದುಕೊಂಡ ನಾಯಿಗೆ ಹೊಸ ನೌಕರಿ ಸಿಕ್ಕಿದ್ದು 2016ರಲ್ಲಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳನ್ನೇ ನೆಚ್ಚಿದ್ದ ಸೇನೆ ಮುಧೋಳದ ಮರಿಗಳನ್ನು ತರಬೇತಿಗೆಂದು ಮೀರತ್ತಿನ ರಿಮೌಂಟ್ ಅಂಡ್ ವೆಟರ್ನರಿ ಕೋರ್ ಕೇಂದ್ರಕ್ಕೆ ಒಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ‘ಮನ್ ಕಿ ಬಾತ್’ನಲ್ಲಿ ಇದರ ಹೆಸರೆತ್ತಿದ ಮೇಲೆ ಊರಿನಲ್ಲಿ ಮರಿ ಕೇಳಿಕೊಂಡು ಬರುವವರು ಹೆಚ್ಚಿದರು. 2022ರಲ್ಲಿ ಪ್ರಧಾನಿಯ ಭದ್ರತೆ ನೋಡಿಕೊಳ್ಳುವ ಎಸ್‌ಪಿಜಿಯೂ ತಿಮ್ಮಾಪುರದಿಂದ ಮರಿಗಳನ್ನು ಪಡೆಯಿತು.

ಸಮವಸ್ತ್ರದವರ ಕೆಲಸ ಇದಕ್ಕೆ ಸಲೀಸಲ್ಲ. ಅದು ಸ್ವತಂತ್ರ ಸ್ವಭಾವದ ನಾಯಿ. ಗದರಿದರೆ ಮುದುಡಿಕೊಳ್ಳುತ್ತದೆ, ಅಪರಿಚಿತರು ಮೈ ಸವರಲು ಬಂದರೆ ಹಿಂದೆ ಸರಿಯುತ್ತದೆ. ಎಷ್ಟು ಹೇಳಿದರೂ ಬೇಸರವಿಲ್ಲದೆ ಹೇಳಿದ್ದನ್ನೇ ಮಾಡುವ ಲ್ಯಾಬ್ರಡಾರ್‌ನ ಗುಣ ಇದಕ್ಕಿಲ್ಲ. ಸ್ಫೋಟಕ ಮೂಸಿ ಹುಡುಕುವುದಂತೂ ಕಣ್ಣನ್ನೇ ನಂಬಿ ಬಂದ ನಾಯಿ ಹೊಸದಾಗಿ ಕಲಿಯಬೇಕಾದ ವಿದ್ಯೆ. ಆ ಲೆಕ್ಕದಲ್ಲಿ ವಾಯುಪಡೆ ಕೊಟ್ಟ ಕೆಲಸವೇ ಇದರ ಜಾಯಮಾನಕ್ಕೆ ಹೆಚ್ಚು ಹತ್ತಿರ. ವಿಮಾನಗಳಿಗೆ ಹಕ್ಕಿ ಬಡಿಯುವುದನ್ನು ತಪ್ಪಿಸಲೆಂದು 2021ರಲ್ಲಿ ಆಗ್ರಾದ ವಾಯುನೆಲೆಗೆ ಮುಧೋಳದ ಮರಿಗಳು ಹೋದವು. ಅಲ್ಲಿ ಅವುಗಳ ಪಾಲಿಗೆ ಬಂದದ್ದು ಬಯಲು, ದೂರದಲ್ಲಿ ಕಾಣುವ ಹಕ್ಕಿ, ಮತ್ತು ಬೆನ್ನಟ್ಟು ಎಂಬ ಅಪ್ಪಣೆ. ಹಿಡಿಯುವಂತಿಲ್ಲ, ಓಡಿಸಿದರೆ ಸಾಕು.