ಗ್ಯಾರಿ ಹಾಲ್ ಜೂನಿಯರ್: ಈಜು ಮನೆತನದ ಹುಡುಗ, ಮಧುಮೇಹ ಮತ್ತು 10 ಪದಕ

ಅಮೆರಿಕದ ಫ್ರೀಸ್ಟೈಲ್ ಈಜುಗಾರ ಗ್ಯಾರಿ ಹಾಲ್ ಜೂನಿಯರ್ ಹುಟ್ಟಿದ್ದು 1974ರಲ್ಲಿ, ಈಜುಗಾರರ ಮನೆತನದಲ್ಲಿ. ಅಪ್ಪ ಗ್ಯಾರಿ ಹಾಲ್ ಸೀನಿಯರ್ 1968, 1972, 1976ರ ಮೂರೂ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರು. ಸೋದರಮಾವ ಕೂಡ 1976ರ ಒಲಿಂಪಿಕ್ಸ್‌ನಲ್ಲಿ ಈಜಿದ್ದರು. ತಾಯಿಯ ತಂದೆ ಚಾರ್ಲ್ಸ್ ಕೀಟಿಂಗ್ ಕಾಲೇಜು ಈಜಿನಲ್ಲಿ ಚಾಂಪಿಯನ್. ಮುಂದೆ ಹಣಕಾಸು ಹಗರಣದಲ್ಲಿ ಜೈಲು ಸೇರಿದರು. 'ನೆಪೋ ಕಿಡ್' ಅಂತ ಕರೆದು ಸುಮ್ಮನಾಗಬಹುದಿತ್ತು.

1996ರ ಅಟ್ಲಾಂಟಾದಲ್ಲಿ 50 ಮೀಟರ್, 100 ಮೀಟರ್ ಎರಡರಲ್ಲೂ ರಷ್ಯಾದ ಅಲೆಕ್ಸಾಂಡರ್ ಪೊಪೊವ್‌ಗೆ ಸೋತು ಬೆಳ್ಳಿ. ರಿಲೇಗಳಲ್ಲಿ ಎರಡು ಚಿನ್ನ. 1999ರಲ್ಲಿ ಟೈಪ್ 1 ಮಧುಮೇಹ ಪತ್ತೆಯಾಯ್ತು. ಇನ್ನು ಸ್ಪರ್ಧೆ ಮುಗೀತು ಅಂದರು ವೈದ್ಯರು. ಸವಲತ್ತು ಇದ್ದದ್ದು ನಿಜ. ಆದರೆ ದಿನಾ ಸಕ್ಕರೆ ಅಳೆದು, ಇನ್ಸುಲಿನ್ ಚುಚ್ಚಿಕೊಂಡು ನೀರಿಗಿಳಿಯೋ ಕೆಲಸವನ್ನ ಅಪ್ಪ ಮಾಡಿಕೊಡೋಕಾಗಲ್ಲ.

ಮರುವರ್ಷ ಸಿಡ್ನಿಯ 50 ಮೀಟರ್‌ನಲ್ಲಿ 21.98 ಸೆಕೆಂಡ್: ಅದೇ ಸಮಯ ದಾಖಲಿಸಿದ ತನ್ನದೇ ತಂಡದ ಆಂಥೊನಿ ಎರ್ವಿನ್ ಜೊತೆ ಚಿನ್ನ ಹಂಚಿಕೊಂಡ. 2004ರ ಅಥೆನ್ಸ್‌ನಲ್ಲಿ, 29ನೇ ವಯಸ್ಸಿಗೆ, 21.93 ಸೆಕೆಂಡ್; ಈ ಸಲ ಚಿನ್ನ ಒಬ್ಬನಿಗೇ. ಒಟ್ಟು 5 ಚಿನ್ನ, 3 ಬೆಳ್ಳಿ, 2 ಕಂಚು.

2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಕಾಳ್ಗಿಚ್ಚು ಆತನ ಮನೆಯನ್ನೂ ಪದಕಗಳನ್ನೂ ಸುಟ್ಟಿತು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಹತ್ತಕ್ಕೂ ಪ್ರತಿರೂಪ ಮಾಡಿಸಿಕೊಟ್ಟಿತು.